ಹೃದಯಕ್ಕೆ ಪಂಪು ಕೂರಿಸಿದ ಮೇಲೆ ಬಡಿತದ ಏರುಪೇರು, ರಕ್ತದ ಹೆಪ್ಪು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್ ಮುಗಿದು ಮನೆಗೆ ಬಂದ ಮೊದಲ ವಾರ ಎಲ್ಲರ ಗಮನವೂ ಬ್ಯಾಟರಿ, ವೈರು, ಅಲಾರಂ ಮೇಲೆಯೇ ಇರುತ್ತದೆ. ಅದು ಸಹಜ. ಆದರೆ ಮುಂದಿನ ದಿನಗಳಲ್ಲಿ ಮನೆಯವರನ್ನು ಜಾಸ್ತಿ ಕಾಡುವುದು ಎರಡು ವಿಷಯ. ಒಂದು, ಹೃದಯದ ಬಡಿತ ತಾಳ ತಪ್ಪುವುದು. ಇನ್ನೊಂದು, ರಕ್ತ ಹೆಪ್ಪುಗಟ್ಟುವುದು. ಇವೆರಡನ್ನೂ ಬೇರೆ ಬೇರೆ ಕಾಯಿಲೆ ಅಂದುಕೊಳ್ಳುವವರೇ ಹೆಚ್ಚು. ಆದರೆ ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ. ಹೇಗೆ ಅನ್ನುವುದು ಉತ್ತರಗಳನ್ನು ಓದುತ್ತಾ ತಿಳಿಯುತ್ತದೆ.

ಇದು ಯಾವ ಪಂಪಿನ ಬಗ್ಗೆ?

ಎದೆಯ ಒಳಗೆ ಕೂರಿಸುವ, ಹೃದಯದ ಎಡಗಡೆಯ ಕೆಳಕೋಣೆಗೆ ಆಸರೆಯಾಗುವ ಪಂಪು. ಡಾಕ್ಟರುಗಳು ಇದನ್ನು ಎಲ್‌ವ್ಯಾಡ್ ಅನ್ನುತ್ತಾರೆ. ಇದು ಹೃದಯವನ್ನು ತೆಗೆದು ಅದರ ಜಾಗದಲ್ಲಿ ಇಡುವ ಯಂತ್ರವಲ್ಲ. ಹೃದಯ ಅಲ್ಲೇ ಇರುತ್ತದೆ. ಎಡ ಕೆಳಕೋಣೆಯ ತುದಿಯಲ್ಲಿ ಒಂದು ತೂತು ಕೊರೆದು ಪಂಪಿನ ಬಾಯಿಯನ್ನು ಒಳಗೆ ಕೂರಿಸುತ್ತಾರೆ. ಪಂಪು ಅಲ್ಲಿಂದ ರಕ್ತವನ್ನು ಎಳೆದು, ಒಂದು ಕೊಳವೆಯ ಮೂಲಕ ಮಹಾಪಧಮನಿಗೆ, ಅಂದರೆ ಇಡೀ ಮೈಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಕ್ಕೆ ತಳ್ಳುತ್ತದೆ. ಹೊಟ್ಟೆಯ ಚರ್ಮದಿಂದ ಹೊರಗೆ ಬರುವ ಕೇಬಲ್, ಪಂಪನ್ನು ನಡೆಸುವ ಕಂಟ್ರೋಲರಿಗೆ ಸೇರುತ್ತದೆ.

ಬದಲಿ ಹೃದಯಕ್ಕೆ ಕಾಯುವ ಕಾಲದಲ್ಲಿ ಕೆಲವರಿಗೆ ಇದನ್ನು ಹಾಕುತ್ತಾರೆ. ನಮ್ಮ ರಾಜ್ಯದಲ್ಲಿ ಆ ಕಾಯುವ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಬದಲಿ ಹೃದಯ ಹಾಕಲು ಆಗದವರಿಗೆ ಇದೇ ಕೊನೆಯವರೆಗಿನ ಚಿಕಿತ್ಸೆ.

ಅಪ್ಪನ ಕೈ ಹಿಡಿದರೆ ನಾಡಿಯೇ ಸಿಗುತ್ತಿಲ್ಲ. ಹೀಗಿರುತ್ತದಾ?

ಹೌದು, ಹೆಚ್ಚಿನವರಲ್ಲಿ ಹೀಗೇ ಇರುತ್ತದೆ. ಈಗಿನ ಪಂಪುಗಳು ನಿಲ್ಲದೆ ತಿರುಗುತ್ತಾ ರಕ್ತವನ್ನು ಒಂದೇ ಸಮನೆ ತಳ್ಳುತ್ತವೆ. ಹಾಗಾಗಿ ಲಬ್ ಡಬ್ ಏರಿಳಿತ ಕೈಗೆ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಿಪಿ ಯಂತ್ರವೂ ಬಹಳ ಸಲ ಲೆಕ್ಕ ತಪ್ಪುತ್ತದೆ, ಇಲ್ಲವೇ ಏನೂ ತೋರಿಸುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ಪನ್ನೂ ಪೂರ್ತಿ ನಂಬಬೇಡಿ. ಬಿಪಿ ಸರಿಯಾಗಿ ನೋಡಲು ಡಾಪ್ಲರ್, ಅಂದರೆ ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಯಂತ್ರ ಬೇಕು.

ಇದನ್ನು ಮನೆಯವರಿಗೆ ಮಾತ್ರವಲ್ಲ, ಅಕ್ಕಪಕ್ಕದವರಿಗೆ, ಊರಿನ ಡಾಕ್ಟರಿಗೆ, ಆಟೋ ಓಡಿಸುವ ಪರಿಚಯದವರಿಗೆ ಕೂಡ ಹೇಳಿಡಿ. ನಾಡಿ ಇಲ್ಲ ಅಂದ ಮಾತ್ರಕ್ಕೆ ಜೀವ ಇಲ್ಲ ಅಂತಲ್ಲ.

ಪಂಪು ತಾನೇ ರಕ್ತ ತಳ್ಳುತ್ತಿದೆ. ಬಡಿತ ತಪ್ಪಿದರೆ ಏನಾಯಿತು?

ಇದು ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು.

ಕೆಳಕೋಣೆಯ ಬಡಿತ ತೀರಾ ವೇಗವಾಗಿ ಓಡಿದರೆ ಅದು ವಿಟಿ. ಬಡಿತವೇ ಇಲ್ಲದೆ ಸುಮ್ನೆ ನಡುಗಿದರೆ ಅದು ವಿಎಫ್. ಪಂಪು ಇಲ್ಲದವರಿಗೆ ವಿಎಫ್ ಬಂದರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ, ಕೂಡಲೇ ಚಿಕಿತ್ಸೆ ಸಿಗದಿದ್ದರೆ ಜೀವ ಹೋಗುತ್ತದೆ. ಪಂಪು ಇರುವವರಲ್ಲಿ ಕೆಲವರು ವಿಎಫ್ ಇದ್ದರೂ ಎಚ್ಚರವಾಗಿದ್ದು, ಮಾತಾಡುತ್ತಾ, ನಡೆದುಕೊಂಡೇ ಆಸ್ಪತ್ರೆಗೆ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಎಡಗಡೆಯ ಕೆಲಸವನ್ನು ಪಂಪು ಹೊತ್ತಿರುವುದೇ ಕಾರಣ.

ಆದರೆ ಬಲಗಡೆಗೆ ಪಂಪಿಲ್ಲ. ಮೈಯಿಂದ ವಾಪಸು ಬಂದ ರಕ್ತವನ್ನು ಶ್ವಾಸಕೋಶಕ್ಕೆ ತಳ್ಳಿ, ಅಲ್ಲಿಂದ ಎಡಗಡೆಗೆ ತಲುಪಿಸಬೇಕಾದ್ದು ಬಲ ಕೆಳಕೋಣೆ. ತಾಳ ತಪ್ಪಿದಾಗ ಅದು ಸೋಲುತ್ತದೆ. ಎಡಗಡೆಗೆ ರಕ್ತ ಬರುವುದು ಕಡಿಮೆಯಾಗುತ್ತದೆ. ಬರದ ರಕ್ತವನ್ನು ಪಂಪು ಎಲ್ಲಿಂದ ತಳ್ಳಬೇಕು? ಹರಿವು ಇಳಿಯುತ್ತದೆ. ಕಾಲು ಊದುತ್ತದೆ, ಸುಸ್ತು ಏರುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕಂಟ್ರೋಲರ್ ಹರಿವು ಕಡಿಮೆ ಅಂತ ಕೂಗುತ್ತದೆ. ನಿಧಾನವಾದ ರಕ್ತ ಹೆಪ್ಪುಗಟ್ಟಲೂ ಶುರು ಮಾಡುತ್ತದೆ. ಬಡಿತದ ತೊಂದರೆ ಹೆಪ್ಪಿನ ತೊಂದರೆಯಾಗುವ ಒಂದು ದಾರಿ ಇದು.

ಹಾಗಾಗಿ "ಎಚ್ಚರ ಇದೆ, ಊಟವನ್ನೂ ಮಾಡಿದರು, ನಾಳೆ ನೋಡೋಣ" ಅನ್ನಬೇಡಿ. ಎದೆ ಡವಡವ ಅನ್ನುತ್ತಿದ್ದರೆ, ಕಾರಣವಿಲ್ಲದೆ ಸುಸ್ತಾದರೆ, ತಲೆ ಹಗುರಾದಂತೆ ಅನಿಸಿದರೆ ಅದೇ ದಿನ ಇಸಿಜಿ ಆಗಬೇಕು.

ಬಡಿತ ಯಾಕೆ ತಪ್ಪುತ್ತದೆ? ಪಂಪು ಹಾಕಿದ್ದೇ ತಪ್ಪಾಯಿತಾ?

ತಪ್ಪಲ್ಲ. ಪಂಪು ಬೇಕಾಗುವ ಹೊತ್ತಿಗೆ ಆ ಹೃದಯ ಆಗಲೇ ಬಹಳ ಸೋತಿರುತ್ತದೆ. ಹಾರ್ಟ್ ಅಟ್ಯಾಕ್ ಆದ ಜಾಗದಲ್ಲಿ ಗಾಯದ ಕಲೆ ಇರುತ್ತದೆ. ವಿದ್ಯುತ್ತಿನ ಅಲೆ ಆ ಕಲೆಯನ್ನು ಸುತ್ತಿಕೊಂಡು ತಿರುಗಿದರೆ ವಿಟಿ. ಮೊದಲೇ ವಿಟಿ ಇದ್ದವರಿಗೆ ಪಂಪು ಹಾಕಿದ ಮೇಲೂ ಬರುವ ಸಾಧ್ಯತೆ ಜಾಸ್ತಿ. ಅಧ್ಯಯನದಿಂದ ಅಧ್ಯಯನಕ್ಕೆ ಲೆಕ್ಕ ಬದಲಾಗುತ್ತದೆ. ಸುಮಾರಾಗಿ ಮೂವರಲ್ಲಿ ಒಬ್ಬರಿಗೆ ಪಂಪು ಹಾಕಿದ ಮೇಲೆ ಕೆಳಕೋಣೆಯ ತಾಳ ತಪ್ಪುತ್ತದೆ ಅನ್ನಬಹುದು. ಮೊದಲ ತಿಂಗಳಲ್ಲಿ ಇದು ಹೆಚ್ಚು.

ತೂತು ಕೊರೆದ ಜಾಗವೂ ಹೊಸ ಕಲೆಯಾಗಬಹುದು. ಆಪರೇಷನ್ ನಂತರ ಹೃದಯಕ್ಕೆ ಬಲ ಕೊಡಲು ಹಾಕುವ ಡ್ರಿಪ್ ಔಷಧಿಗಳು ಬಡಿತವನ್ನು ಕೆಣಕುತ್ತವೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದರೂ ಅಷ್ಟೇ. ಮೂತ್ರದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಾಮಾನ್ಯ.

ಇನ್ನೊಂದು ಕಾರಣ ಈ ಪಂಪಿಗೇ ವಿಶೇಷ. ಬಾವಿಯಲ್ಲಿ ನೀರು ಇಳಿದಾಗ ಮೋಟಾರು ಜೋರಾಗಿ ಓಡಿಸಿದರೆ ಏನಾಗುತ್ತದೆ? ತಳದ ಕೆಸರನ್ನು ಎಳೆಯಲು ಶುರು ಮಾಡುತ್ತದೆ, ಅಲ್ವಾ? ಇಲ್ಲೂ ಹಾಗೇ. ಕೋಣೆಯಲ್ಲಿ ರಕ್ತ ಸಾಲದೆ ಇದ್ದಾಗ ಪಂಪಿನ ಬಾಯಿ ಹೃದಯದ ಗೋಡೆಯನ್ನೇ ಎಳೆಯುತ್ತದೆ. ಗೋಡೆ ತಗುಲಿದ ಕೂಡಲೇ ಬಡಿತ ಕೆರಳುತ್ತದೆ. ಇದಕ್ಕೆ ಸಕ್ಷನ್ ಅನ್ನುತ್ತಾರೆ. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಅದನ್ನು ತುಂಬಿಸಿ, ವೇಗವನ್ನು ಸ್ವಲ್ಪ ಇಳಿಸಿದರೆ ಎಷ್ಟೋ ಸಲ ವಿಟಿ ತಾನಾಗಿಯೇ ನಿಲ್ಲುತ್ತದೆ. ವೇಗ ಬದಲಿಸುವುದು ಆಸ್ಪತ್ರೆಯ ತಂಡದ ಕೆಲಸ. ಮೈಯ ನೀರು ಕಾಯುವುದು ಮನೆಯ ಕೆಲಸ.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡಬಹುದಾ?

ನೀರೂ ಕುಡಿಯದ ಉಪವಾಸ ಬೇಡವೇ ಬೇಡ. ಕಾರಣ ಮೇಲೆ ಹೇಳಿದ್ದೇ. ಅದರ ಜೊತೆ ನೀರು ಕಡಿಮೆಯಾದರೆ ರಕ್ತವೂ ಮಂದವಾಗುತ್ತದೆ. ಒಂದೇ ಉಪವಾಸ ಎರಡೂ ತೊಂದರೆಗೆ ಬಾಗಿಲು ತೆಗೆಯುತ್ತದೆ. ಅಮ್ಮಂದಿರು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ ಅಂತ ಗೊತ್ತು. ಆದರೂ ಹಟ ಹಿಡಿದು ಹೇಳಿ. ದೇವರಿಗೆ ದೀಪ ಹಚ್ಚಲಿ, ನೀರು ಮಾತ್ರ ಬಿಡುವುದು ಬೇಡ.

ಏಪ್ರಿಲ್, ಮೇ ಬಿಸಿಲು, ಭೇದಿ, ವಾಂತಿ, ಜ್ವರ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ದಿನಕ್ಕೆರಡು ಸಲ ಭೇದಿ ಜಾಸ್ತಿಯಾದರೂ ತಂಡಕ್ಕೆ ಫೋನ್ ಮಾಡಿ. ಆ ದಿನ ಮೂತ್ರದ ಮಾತ್ರೆ ತೆಗೆದುಕೊಳ್ಳಬೇಕೋ ಬಿಡಬೇಕೋ ಅಂತ ಕೇಳಿ. ನೀವೇ ನಿರ್ಧರಿಸಬೇಡಿ. ಬಲ ಹೃದಯ ಸೋತವರಿಗೆ ನೀರು ಜಾಸ್ತಿಯಾದರೂ ಕಷ್ಟ. ದಿನಾ ಬೆಳಗ್ಗೆ ತೂಕ ನೋಡಿ ಬರೆದಿಟ್ಟರೆ ಎರಡೂ ಕಡೆಯ ಏರುಪೇರು ಕಣ್ಣಿಗೆ ಬೀಳುತ್ತದೆ.

ಐಸಿಡಿ ಶಾಕ್ ಹೊಡೆಯಿತು. ಏನು ಮಾಡಬೇಕು?

ಐಸಿಡಿ ಅಂದರೆ ತಾಳ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸಲು ಮೈಯೊಳಗೆ ಇಟ್ಟಿರುವ ಸಣ್ಣ ಯಂತ್ರ. ಒಂದು ಶಾಕ್ ಬಂದು ಆಮೇಲೆ ಆರಾಮಾಗಿದ್ದರೆ ತಂಡಕ್ಕೆ ಕೂಡಲೇ ತಿಳಿಸಿ, ಅದೇ ದಿನ ತೋರಿಸಿ. ಮೇಲಿಂದ ಮೇಲೆ ಶಾಕ್ ಬಂದರೆ, ಅಥವಾ ಒಂದೇ ಶಾಕ್ ಆದರೂ ಮೈ ಸರಿಯಿಲ್ಲ ಅನ್ನಿಸಿದರೆ ಆಸ್ಪತ್ರೆಗೆ ಹೊರಡಿ.

ಪಂಪು ಇರುವವರಿಗೆ ಶಾಕ್ ಬಡಿಯುವಾಗ ಬಹಳ ಸಲ ಎಚ್ಚರ ಇರುತ್ತದೆ. ಅದು ತುಂಬಾ ನೋವು ಕೊಡುತ್ತದೆ, ಮನಸ್ಸನ್ನೂ ಹೆದರಿಸಿಬಿಡುತ್ತದೆ. ಶಾಕಿನ ಭಯದಿಂದ ನಿದ್ದೆ ಬಿಟ್ಟವರು, ಹೊರಗೆ ಹೋಗುವುದನ್ನೇ ನಿಲ್ಲಿಸಿದವರು ಇದ್ದಾರೆ. ಅದನ್ನು ಡಾಕ್ಟರ ಹತ್ತಿರ ಹೇಳಲು ಸಂಕೋಚ ಬೇಡ. ಪಂಪು ರಕ್ತ ತಳ್ಳುತ್ತಿರುವುದರಿಂದ ಐಸಿಡಿ ಸ್ವಲ್ಪ ತಾಳ್ಮೆಯಿಂದ ಕಾಯುವಂತೆ, ಮೊದಲು ನೋವಿಲ್ಲದ ರೀತಿಯಲ್ಲಿ ತಾಳ ಸರಿಪಡಿಸಲು ನೋಡುವಂತೆ ಸೆಟ್ಟಿಂಗ್ ಬದಲಿಸಲು ಆಗುತ್ತದೆ. ಮಾತ್ರೆ ಸಾಲದಿದ್ದರೆ ಅಬ್ಲೇಷನ್ ಕೂಡ ಇದೆ. ತಾಳ ಕೆಡಿಸುವ ಜಾಗವನ್ನು ಹುಡುಕಿ ಸುಡುವ ಚಿಕಿತ್ಸೆ ಅದು.

ಮೇಲಿನ ಕೋಣೆ ನಡುಗುತ್ತದೆ ಅಂದರು. ಅದೂ ಅಪಾಯವಾ?

ಅದನ್ನು ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತಾರೆ. ಪಂಪು ಹಾಕುವ ಮೊದಲೇ ಎಷ್ಟೋ ಜನರಿಗೆ ಇರುತ್ತದೆ. ವಿಟಿಯಷ್ಟು ಅವಸರದ್ದಲ್ಲ. ಆದರೆ ನಡುಗುವ ಮೇಲ್ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಅಲ್ಲಿಂದ ಅದು ಪಂಪಿನೊಳಗೆ ಅಥವಾ ಮೆದುಳಿಗೆ ಹೋಗಬಹುದು. ಬಲ ಹೃದಯಕ್ಕೂ ದಣಿವು.

ಇನ್ನು ಹೆಪ್ಪಿನ ವಿಷಯ. ರಕ್ತ ಯಾಕೆ ಹೆಪ್ಪುಗಟ್ಟುತ್ತದೆ?

ಮೂರು ಕಾರಣ ಸೇರುತ್ತವೆ. ನಿಂತ ರಕ್ತ, ಮೈಗೆ ಪರಿಚಯವಿಲ್ಲದ ಲೋಹದ ಮೈ, ಹೆಪ್ಪುಗಟ್ಟಲು ಸಜ್ಜಾದ ರಕ್ತ. ಪಂಪು ಹಾಕಿದವರಲ್ಲಿ ಮೂರೂ ಇರಬಹುದು. ಮಹಾಪಧಮನಿಯ ಕವಾಟ ತೆರೆಯದೇ ಇದ್ದರೆ ಅದರ ಬುಡದಲ್ಲಿ ರಕ್ತ ನಿಲ್ಲುತ್ತದೆ. ಕೇಬಲ್ ಹೊರಬರುವ ಜಾಗದಲ್ಲಿ ಸೋಂಕಾದರೆ ರಕ್ತ ಹೆಪ್ಪಿನ ಕಡೆ ವಾಲುತ್ತದೆ. ಡ್ರೆಸ್ಸಿಂಗ್ ಶುಚಿಯಾಗಿ ಮಾಡಿ ಅಂತ ನರ್ಸು ಹತ್ತು ಸಲ ಹೇಳುವುದಕ್ಕೆ ಇದೂ ಒಂದು ಕಾರಣ.

ಹಳೆಯ ಪಂಪಿನಲ್ಲಿ ಹೆಪ್ಪು ಜಾಸ್ತಿ ಅಂತ ಓದಿದೆ. ನಮ್ಮದರಲ್ಲೂ ಹಾಗೇನಾ?

ಯಾವ ಪಂಪು ಅಂತ ಮೊದಲು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ.

ಹಾರ್ಟ್‌ಮೇಟ್ 2 ಪಂಪಿಗೆ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ತಿರುಗುವ ಭಾಗ ಬೇರಿಂಗಿನ ಮೇಲೆ ಕೂತಿತ್ತು. ಬೇರಿಂಗ್ ಸುತ್ತ ಬಿಸಿ, ಉಜ್ಜಾಟ. ಅಲ್ಲೇ ಹೆಪ್ಪು ಕೂರುತ್ತಿತ್ತು. 2011ರಿಂದ ಈಚೆಗೆ ಹೆಪ್ಪಿನ ಪ್ರಕರಣ ಏಕಾಏಕಿ ಏರಿದ್ದನ್ನು ಮೂರು ದೊಡ್ಡ ಆಸ್ಪತ್ರೆಗಳ ವೈದ್ಯರು ಗಮನಿಸಿ 2014ರಲ್ಲಿ ಪ್ರಕಟಿಸಿದರು. ಪಂಪು ಹಾಕಿದ ಮೂರು ತಿಂಗಳೊಳಗೆ ಹೆಪ್ಪು ಕಟ್ಟುವ ಪ್ರಮಾಣ ಶೇ. 2.2ರಿಂದ ಶೇ. 8.4ಕ್ಕೆ ಏರಿತ್ತು. ತಮ್ಮದೇ ರೋಗಿಗಳ ಲೆಕ್ಕವನ್ನು ಹೀಗೆ ಬಿಚ್ಚಿಟ್ಟದ್ದು ದೊಡ್ಡ ಕೆಲಸ. ಅದರಿಂದ ಎಷ್ಟೋ ಜನ ಎಚ್ಚೆತ್ತುಕೊಂಡರು.

ಹಾರ್ಟ್‌ಮೇಟ್ 3ಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಅದರ ತಿರುಗುವ ಭಾಗ ಅಯಸ್ಕಾಂತದ ಬಲದಲ್ಲಿ ಗಾಳಿಯಲ್ಲಿ ತೇಲಿದಂತೆ ರಕ್ತದಲ್ಲಿ ತೇಲುತ್ತದೆ. ಯಾವುದಕ್ಕೂ ತಾಗುವುದಿಲ್ಲ, ರಕ್ತ ಹರಿಯಲು ಜಾಗವೂ ಅಗಲ. ಎರಡು ಸೆಕೆಂಡಿಗೊಮ್ಮೆ ವೇಗವನ್ನು ತಾನೇ ಏರಿಸಿ ಇಳಿಸಿ ಒಳಗೆ ನಿಂತ ರಕ್ತವನ್ನು ತೊಳೆದುಕೊಳ್ಳುತ್ತದೆ. ಎರಡನ್ನೂ ಹೋಲಿಸಿದ ಮೊಮೆಂಟಮ್ 3 ಅಧ್ಯಯನದಲ್ಲಿ ಎರಡು ವರ್ಷದಲ್ಲಿ ಪಂಪಿನ ಹೆಪ್ಪಿನ ಅನುಮಾನ ಬಂದದ್ದು ಹೊಸದರಲ್ಲಿ ಶೇ. 1.4, ಹಳೆಯದರಲ್ಲಿ ಶೇ. 13.9. ಇದು ಸಣ್ಣ ಅಂತರವಲ್ಲ.

ಆದರೂ ಪೂರ್ತಿ ನಿಶ್ಚಿಂತೆ ಬೇಡ. ಪಂಪಿನಿಂದ ಹೊರಹೋಗುವ ಕೊಳವೆಯ ಹೊರಮೈ ಮತ್ತು ಅದರ ಕವಚದ ನಡುವೆ ವರ್ಷಗಳಾದ ಮೇಲೆ ಕಸದಂಥ ಪದಾರ್ಥ ಸೇರಿ, ಕೊಳವೆಯನ್ನು ಹೊರಗಿನಿಂದ ಅದುಮುವುದು ಕಂಡುಬಂದಿದೆ. ಈ ಬಗ್ಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಅದು ಒಳಗಿನ ಹೆಪ್ಪಲ್ಲ, ಆದರೆ ಹರಿವು ಇಳಿಯುತ್ತದೆ. ಹರಿವು ಕಡಿಮೆ ಅನ್ನುವ ಅಲಾರಂ ಮತ್ತೆ ಮತ್ತೆ ಬಂದರೆ ಸಿಟಿ ಸ್ಕ್ಯಾನ್ ಮಾಡಿ ನೋಡುತ್ತಾರೆ.

ನಮ್ಮದು ಹಾರ್ಟ್‌ವೇರ್ ಎಚ್‌ವ್ಯಾಡ್. ಅದನ್ನು ನಿಲ್ಲಿಸಿದ್ದಾರಂತೆ?

ಹೌದು, 2021ರ ಜೂನ್‌ನಲ್ಲಿ ಕಂಪನಿ ಅದರ ಮಾರಾಟ ನಿಲ್ಲಿಸಿತು. ಪಾರ್ಶ್ವವಾಯುವಿನಂಥ ತೊಂದರೆ ಹೆಚ್ಚಿದ್ದದ್ದು, ಒಮ್ಮೆ ನಿಂತ ಪಂಪು ಮತ್ತೆ ಶುರುವಾಗದೇ ಇರುವುದು ಕಾರಣ. ಚೆನ್ನಾಗಿ ಓಡುತ್ತಿರುವ ಪಂಪನ್ನು ಸುಮ್ನೆ ಬದಲಿಸುವುದಿಲ್ಲ, ಮತ್ತೊಂದು ಆಪರೇಷನ್ನಿನ ಅಪಾಯ ದೊಡ್ಡದು. ಬಿಪಿ ಹತೋಟಿ ಮತ್ತು ಐಎನ್‌ಆರ್ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ. ಎರಡು ಪವರ್ ಕೇಬಲನ್ನು ಒಟ್ಟಿಗೆ ಯಾವತ್ತೂ ಬಿಚ್ಚಬೇಡಿ. ಈ ಕೊನೆಯ ಮಾತು ಎಲ್ಲ ಪಂಪಿಗೂ ಅನ್ವಯಿಸುತ್ತದೆ.

ಪಂಪಿನಲ್ಲಿ ಹೆಪ್ಪು ಕಟ್ಟಿದರೆ ಮನೆಯಲ್ಲಿ ಹೇಗೆ ಗೊತ್ತಾಗುತ್ತದೆ?

ಮೂತ್ರದ ಬಣ್ಣ ನೋಡಿ. ಹೆಪ್ಪಿನ ಇಕ್ಕಟ್ಟಿನಲ್ಲಿ ನುಗ್ಗುವ ಕೆಂಪು ರಕ್ತಕಣಗಳು ಒಡೆಯುತ್ತವೆ, ಮೂತ್ರ ಕಡು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಕಂಟ್ರೋಲರಿನಲ್ಲಿ ಪವರ್ ಅಂಕಿ ದಿನಾ ಇರುವುದಕ್ಕಿಂತ ಏರುತ್ತದೆ, ಏಕೆಂದರೆ ತಿರುಗಲು ಮೋಟಾರಿಗೆ ಜಾಸ್ತಿ ಶಕ್ತಿ ಬೇಕು. ಇಲ್ಲೊಂದು ಮೋಸವಿದೆ. ಹರಿವಿನ ಅಂಕಿಯನ್ನು ಯಂತ್ರ ಅಳೆಯುವುದಿಲ್ಲ, ವೇಗ ಮತ್ತು ಪವರ್ ನೋಡಿ ಲೆಕ್ಕ ಹಾಕುತ್ತದೆ. ಹಾಗಾಗಿ ಹೆಪ್ಪು ಕಟ್ಟಿದಾಗ ಹರಿವು ಜಾಸ್ತಿಯಾದಂತೆ ತೋರಿಸಬಹುದು. "ಹರಿವು ಚೆನ್ನಾಗಿದೆ" ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ದಿನಾ ಅಂಕಿ ಬರೆದಿಟ್ಟ ನೋಟ್‌ಬುಕ್ ಇದ್ದರೆ ಮಾತ್ರ ಈ ಬದಲಾವಣೆ ತಿಳಿಯುತ್ತದೆ.

ಉಸಿರುಗಟ್ಟುವುದು ಮತ್ತೆ ಶುರುವಾದರೂ ಅನುಮಾನಿಸಿ. ಪಂಪು ಸರಿಯಾಗಿ ಎಳೆಯದಿದ್ದರೆ ಕೋಣೆ ಊದಿಕೊಳ್ಳುತ್ತದೆ. ಊದಿದ ಗೋಡೆ ತಾಳ ತಪ್ಪಿಸುತ್ತದೆ. ಹೊಸದಾಗಿ ವಿಟಿ ಬಂದವರಲ್ಲಿ ವೈದ್ಯರು ಹೆಪ್ಪನ್ನೂ ಹುಡುಕುವುದು ಇದಕ್ಕೇ. ಆಸ್ಪತ್ರೆಯಲ್ಲಿ ಎಲ್‌ಡಿಎಚ್ ಅನ್ನುವ ರಕ್ತಪರೀಕ್ಷೆ ಮಾಡುತ್ತಾರೆ, ರಕ್ತಕಣ ಒಡೆದಾಗ ಈ ಅಂಕಿ ಏರುತ್ತದೆ. ಸಾಮಾನ್ಯ ಮಿತಿಯ ಎರಡೂವರೆ ಪಟ್ಟು ದಾಟಿದರೆ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಐಎನ್‌ಆರ್ ಎಷ್ಟಿರಬೇಕು? ಸೊಪ್ಪು ಬಿಡಬೇಕಾ?

ಸಾಮಾನ್ಯವಾಗಿ 2ರಿಂದ 3ರ ನಡುವೆ. ನಿಮ್ಮ ಗುರಿ ಯಾವುದು ಅಂತ ಡಾಕ್ಟರಿಂದ ಬರೆಸಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ, ಅಂದರೆ ವಾರ್ಫರಿನ್ ಅಥವಾ ಅಸಿಟ್ರಾಮ್, ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು.

ಸೊಪ್ಪು ಬಿಡಬೇಕಿಲ್ಲ. ಪಾಲಕ್, ಹರಿವೆ, ನುಗ್ಗೆ, ಮೆಂತ್ಯ ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅದು ಮಾತ್ರೆಯ ಎದುರು ಕೆಲಸ ಮಾಡುತ್ತದೆ ನಿಜ. ತೊಂದರೆ ಇರುವುದು ಏರುಪೇರಿನಲ್ಲಿ. ಒಂದು ವಾರ ಸೊಪ್ಪೇ ಇಲ್ಲ, ಮುಂದಿನ ವಾರ ದಿನಾ ಬಸ್ಸಾರು ಅಂದರೆ ಐಎನ್‌ಆರ್ ಕುಣಿಯುತ್ತದೆ. ವಾರಕ್ಕೆ ಇಷ್ಟು ಸಲ, ಇಷ್ಟೇ ಅಂತ ಇಟ್ಟುಕೊಳ್ಳಿ.

ಜಾಸ್ತಿ ಭಯ ಬೇಕಾದ್ದು ಬೇರೆ ಕಡೆ. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ರಕ್ತಸ್ರಾವ ತರುತ್ತವೆ. ಹೆಸರು ಗೊತ್ತಿಲ್ಲದ ಚೂರ್ಣ, ಕಷಾಯಗಳೂ ಐಎನ್‌ಆರ್ ಕೆಡಿಸಬಲ್ಲವು. ಆ್ಯಂಟಿಬಯೋಟಿಕ್ ಶುರು ಮಾಡಿದರೆ ಕೆಲವೇ ದಿನದಲ್ಲಿ ಐಎನ್‌ಆರ್ ಮತ್ತೆ ನೋಡಿಸಿ.

ಬಡಿತಕ್ಕೆ ಹೊಸ ಮಾತ್ರೆ ಕೊಟ್ಟರು. ಐಎನ್‌ಆರ್ 5 ದಾಟಿತು. ಯಾಕೆ?

ಅಮಿಯೊಡರೋನ್ ಇರಬೇಕು. ವಿಟಿಗೆ ಜಾಸ್ತಿ ಕೊಡುವ ಮಾತ್ರೆ ಅದು. ಲಿವರಿನಲ್ಲಿ ವಾರ್ಫರಿನ್ ಕರಗುವುದನ್ನು ಅದು ತಡೆಯುತ್ತದೆ. ಹಾಗಾಗಿ ಹಳೆಯ ಡೋಸೇ ಅತಿಯಾಗುತ್ತದೆ. ಇದು ಒಂದೇ ದಿನದಲ್ಲಿ ಆಗುವುದಿಲ್ಲ, ವಾರಗಟ್ಟಲೆ ಏರುತ್ತಾ ಹೋಗುತ್ತದೆ. ಮಾತ್ರೆ ನಿಲ್ಲಿಸಿದರೂ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ನಿಲ್ಲಿಸಿದ ಮೇಲೆ ಐಎನ್‌ಆರ್ ನಿಧಾನಕ್ಕೆ ಇಳಿದು ಹೆಪ್ಪಿನ ಅಪಾಯ ಬರಬಹುದು. ಶುರು ಮಾಡಿದಾಗಲೂ ನಿಲ್ಲಿಸಿದಾಗಲೂ ಪರೀಕ್ಷೆ ಪದೇ ಪದೇ ಆಗಬೇಕು. ಬಡಿತದ ಡಾಕ್ಟರ್ ಒಬ್ಬರು, ಪಂಪಿನ ಡಾಕ್ಟರ್ ಇನ್ನೊಬ್ಬರು ಆದಾಗ ಈ ಕೊಂಡಿ ತಪ್ಪಿಹೋಗುತ್ತದೆ. ಒಬ್ಬರು ಬರೆದ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುವ ಜವಾಬ್ದಾರಿ ನೀವೇ ತೆಗೆದುಕೊಳ್ಳಿ. ಅಮಿಯೊಡರೋನ್ ತೆಗೆದುಕೊಳ್ಳುವವರಿಗೆ ಥೈರಾಯ್ಡ್ ಪರೀಕ್ಷೆಯೂ ಆಗಾಗ ಬೇಕು.

ಆಸ್ಪಿರಿನ್ ನಿಲ್ಲಿಸಿದರು. ಅಮೆರಿಕದಲ್ಲಿರುವ ಮಗ ತಪ್ಪು ಅನ್ನುತ್ತಿದ್ದಾನೆ.

ಹಾರ್ಟ್‌ಮೇಟ್ 3 ಆದರೆ ತಪ್ಪಲ್ಲ. 2023ರಲ್ಲಿ ಪ್ರಕಟವಾದ ಏರೀಸ್ ಅಧ್ಯಯನದಲ್ಲಿ ಅರ್ಧ ಜನಕ್ಕೆ ವಾರ್ಫರಿನ್ ಜೊತೆ ಆಸ್ಪಿರಿನ್, ಇನ್ನರ್ಧಕ್ಕೆ ವಾರ್ಫರಿನ್ ಜೊತೆ ಖಾಲಿ ಮಾತ್ರೆ ಕೊಟ್ಟರು. ಆಸ್ಪಿರಿನ್ ಇಲ್ಲದವರಲ್ಲಿ ಹೆಪ್ಪು ಹೆಚ್ಚಲಿಲ್ಲ, ದೊಡ್ಡ ರಕ್ತಸ್ರಾವ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು. ಆದರೆ ಬೇರೆ ಪಂಪಿಗೆ ಈ ಮಾತು ಹೊಂದುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ವಿಚಾರವೂ ಬೇರೆ. ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.

ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೂ ಕೆಲವರಿಗೆ ಕರುಳಿನಲ್ಲಿ ರಕ್ತ ಸೋರುತ್ತದಂತೆ?

ಹೌದು. ಗಾಯವಾದಾಗ ರಕ್ತವನ್ನು ಅಂಟಿಸುವ ಉದ್ದನೆಯ ದಾರದಂಥ ಪ್ರೋಟೀನ್ ಒಂದಿದೆ, ವಾನ್ ವಿಲ್ಲೆಬ್ರಾಂಡ್ ಅಂಶ ಅಂತ. ಪಂಪಿನ ವೇಗದಲ್ಲಿ ಆ ದಾರ ತುಂಡಾಗುತ್ತದೆ. ಜೊತೆಗೆ ಕರುಳಿನಲ್ಲಿ ತೆಳು ಗೋಡೆಯ ರಕ್ತನಾಳಗಳು ಹುಟ್ಟಿಕೊಳ್ಳುತ್ತವೆ. ಮಲ ಟಾರಿನಂತೆ ಕಪ್ಪಾದರೆ ಕೂಡಲೇ ತಿಳಿಸಿ. ರಕ್ತಸ್ರಾವವಾದಾಗ ವಾರ್ಫರಿನ್ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ಹೆಪ್ಪಿನ ಭಯ. ಈ ತಕ್ಕಡಿ ತೂಗುವುದು ಅನುಭವಿ ತಂಡಕ್ಕೂ ಕಷ್ಟದ ಕೆಲಸ.

ಪಾರ್ಶ್ವವಾಯುವಿನ ಲಕ್ಷಣ ಏನು?

ಬಾಯಿ ಒಂದು ಕಡೆ ಸೊಟ್ಟ, ಒಂದು ಕೈ ಸೋಲುವುದು, ಮಾತು ತೊದಲುವುದು. ಯಾವುದಾದರೂ ಒಂದಿದ್ದರೂ ಹೊರಡಿ, ಶುರುವಾದ ಸಮಯ ಬರೆದುಕೊಳ್ಳಿ. ಪಂಪಿನವರಲ್ಲಿ ಇದು ಹೆಪ್ಪಿನಿಂದಲೂ ಆಗಬಹುದು, ಮೆದುಳಿನ ರಕ್ತಸ್ರಾವದಿಂದಲೂ ಆಗಬಹುದು. ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ. ಎಂಆರ್‌ಐ ಮಾಡುವಂತಿಲ್ಲ, ಸಿಟಿ ಮಾಡಬಹುದು. ಇದನ್ನು ಹೊಸ ಆಸ್ಪತ್ರೆಯಲ್ಲಿ ನೀವೇ ಹೇಳಬೇಕಾಗಬಹುದು. ಡಾಪ್ಲರಿನಲ್ಲಿ ನೋಡುವ ಬಿಪಿ 90 ದಾಟದಂತೆ ಇಟ್ಟುಕೊಂಡರೆ ಈ ಅಪಾಯ ಇಳಿಯುತ್ತದೆ.

ಎಚ್ಚರ ತಪ್ಪಿ ಬಿದ್ದರೆ ಏನು ಮಾಡಲಿ? ಎದೆ ಒತ್ತಬಹುದಾ?

ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಪಂಪು ನೋಡಲಿ. ಎದೆಯ ಎಡಕ್ಕೆ ಕಿವಿ ಇಟ್ಟರೆ ಗುಂಯ್ ಅನ್ನುವ ಸದ್ದು ಇದೆಯಾ? ಕೇಬಲ್, ಬ್ಯಾಟರಿ ಸರಿಯಾಗಿ ಕೂತಿದೆಯಾ? ಕಂಟ್ರೋಲರ್ ಏನು ಹೇಳುತ್ತಿದೆ? ಕಳಚಿದ್ದನ್ನು ಜೋಡಿಸಿ.

ಪಂಪು ಕಿತ್ತುಬರುತ್ತದೆ ಅನ್ನುವ ಭಯದಿಂದ ಎದೆ ಒತ್ತಬಾರದು ಅಂತ ಹಿಂದೆ ಹೇಳುತ್ತಿದ್ದರು. 2017ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಈ ಭಯವನ್ನು ಬಿಡಿಸಿತು. ಕರೆದರೆ ಓಗೊಡುತ್ತಿಲ್ಲ, ಉಸಿರಾಟ ಸರಿಯಿಲ್ಲ, ಮೈ ಬಿಳಿಚಿದೆ, ಪಂಪು ನಿಂತಿದೆ ಮತ್ತು ಶುರುವಾಗುತ್ತಿಲ್ಲ ಅಂದರೆ ಎದೆ ಒತ್ತಿ. ಹೊರಗಿನಿಂದ ಶಾಕ್ ಕೊಡುವುದಾದರೆ ಈಗಿನ ಪಂಪುಗಳ ಕೇಬಲ್ ಬಿಚ್ಚುವ ಅಗತ್ಯವಿಲ್ಲ. ಆಂಬುಲೆನ್ಸಿನವರು ನಾಡಿ ಇಲ್ಲ ಅಂದರೆ "ಇವರಿಗೆ ಎಲ್‌ವ್ಯಾಡ್ ಇದೆ" ಅನ್ನಿ, ಪಂಪಿನ ಕಾರ್ಡು ತೋರಿಸಿ, ತಂಡದ ನಂಬರ್ ಕೊಡಿ. ಎರಡನೇ ಕಂಟ್ರೋಲರ್, ಚಾರ್ಜ್ ಆದ ಬ್ಯಾಟರಿಗಳು ಗಾಡಿಯಲ್ಲಿ ಜೊತೆಗೇ ಬರಲಿ.

ಊರಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ. ಅದಕ್ಕೂ ಹೆಪ್ಪಿಗೂ ಸಂಬಂಧ ಇದೆಯಾ?

ಇದೆ. ಪಂಪು ನಿಂತರೆ ಅದರೊಳಗಿನ ರಕ್ತ ನಿಲ್ಲುತ್ತದೆ, ಮಹಾಪಧಮನಿಯಿಂದ ರಕ್ತ ಹಿಂದಕ್ಕೂ ಹರಿಯುತ್ತದೆ. ಬಹಳ ಹೊತ್ತು ನಿಂತ ಪಂಪನ್ನು ಮತ್ತೆ ಶುರು ಮಾಡಿದರೆ ಒಳಗಿನ ಹೆಪ್ಪು ಮೆದುಳಿಗೆ ಹಾರಬಹುದು. ಹಾರ್ಟ್‌ಮೇಟ್ 3ರ ಒಂದು ಜೋಡಿ ಹೊಸ ಬ್ಯಾಟರಿ ಗರಿಷ್ಠ 17 ಗಂಟೆ ಬರುತ್ತದೆ, ಕಂಟ್ರೋಲರಿನ ಒಳಗಿನ ತುರ್ತು ಬ್ಯಾಟರಿ 15 ನಿಮಿಷ ಅಷ್ಟೇ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದ ಮಲೆನಾಡಿನ ಮನೆಗಳಿಗೆ ಇದು ಸಾಲುವುದಿಲ್ಲ. ಡಿಸ್ಚಾರ್ಜ್ ಆಗುವ ಮೊದಲೇ ಯುಪಿಎಸ್ ಅಥವಾ ಜನರೇಟರ್ ವ್ಯವಸ್ಥೆ ಮಾಡಿ, ಯಾವುದು ಸರಿ ಅಂತ ತಂಡವನ್ನು ಕೇಳಿ. ಮೆಸ್ಕಾಂ, ಬೆಸ್ಕಾಂ, ನಿಮ್ಮ ಭಾಗದ ಯಾವುದೋ ಆ ಕಚೇರಿಗೆ ಆಸ್ಪತ್ರೆಯ ಪತ್ರದ ಜೊತೆ ಒಂದು ಅರ್ಜಿ ಕೊಟ್ಟಿಡಿ. ಲೈನ್‌ಮನ್ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿ. ರಾತ್ರಿ ಮಲಗುವಾಗ ಚಾರ್ಜ್ ಆದ ಒಂದು ಜೋಡಿ ಬ್ಯಾಟರಿ ಮತ್ತು ಒಂದು ಟಾರ್ಚು ದಿಂಬಿನ ಪಕ್ಕದಲ್ಲೇ ಇರಲಿ.